ಕೋಣೆಯ ಜೊತೆಗಾರ ಕಲಿಸಿದ ಪಾಠ



ಮಗನೋ ಮಗಳೋ ಹಾಸಿಗೆ, ಬ್ಯಾಗು ಕಟ್ಟಿಕೊಂಡು ಧಾರವಾಡಕ್ಕೋ ಬೆಳಗಾವಿಗೋ ಓದಲು ಹೊರಟು ನಿಂತಾಗ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತುಗಳು ನಿಮಗೆ ಗೊತ್ತೇ ಇವೆ. ಫೀ ಎಷ್ಟು? ಹಾಸ್ಟೆಲಿನ ಊಟ ಹೇಗೆ? ಓದು ಮುಗಿದ ಮೇಲೆ ನೌಕರಿ ಸಿಕ್ಕೀತೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮಗುವಿನ ಕೋಣೆಯಲ್ಲಿ ಜೊತೆಗಿರುವವರು ಯಾರು ಎಂದು ಕೇಳಲು ನಾವು ಮರೆಯುತ್ತೇವೆ. ಪ್ರಾಧ್ಯಾಪಕರು ಕಲಿಸಲಾರದ ಪಾಠವನ್ನು ಕೋಣೆಯ ಜೊತೆಗಾರನೊಬ್ಬ ಕಲಿಸಬಲ್ಲ. ಇದಕ್ಕೆ ಸಾಕ್ಷಿ ನಮ್ಮ ನೆರೆಯ ಗೋವೆಯಲ್ಲೇ ಇದೆ.

ಹಳೆ ಗೋವೆಯ ಬೊಂ ಜೀಸಸ್ ಮಹಾದೇವಾಲಯದಲ್ಲಿ ವಿಶ್ರಮಿಸಿರುವ ಸಂತ ಫ್ರಾನ್ಸಿಸ್ ಝೇವಿಯರರನ್ನು ನಮ್ಮ ಜನ ಪ್ರೀತಿಯಿಂದ ಗೋಂಯ್ಚೊ ಸಾಯ್ಬ್ ಎನ್ನುತ್ತಾರೆ. ಅವರ ಪವಾಡಗಳನ್ನು ನಾವು ಬಲ್ಲೆವು. ಅವರು ಹನ್ನೊಂದು ವರ್ಷ ವಿಶ್ವವಿದ್ಯಾಲಯದಲ್ಲಿ ಕಳೆದವರೆಂಬುದನ್ನು ಬಲ್ಲವರು ಕಡಿಮೆ.

ಫ್ರಾನ್ಸಿಸರು 1506ರ ಏಪ್ರಿಲ್ 7ರಂದು, ಇಂದಿನ ಸ್ಪೇನ್ ದೇಶದ ಉತ್ತರದಲ್ಲಿರುವ ನವಾರ್ ಎಂಬ ಪುಟ್ಟ ರಾಜ್ಯದಲ್ಲಿ, ಝೇವಿಯರ್ ಕೋಟೆಮನೆಯಲ್ಲಿ ಹುಟ್ಟಿದರು. ತಂದೆ ರಾಜನ ಆಸ್ಥಾನದಲ್ಲಿ ದೊಡ್ಡ ಅಧಿಕಾರಿ. ಆದರೆ 1512ರಲ್ಲಿ ನವಾರ್ ಶತ್ರುಗಳ ಕೈವಶವಾಯಿತು. 1515ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಗೆದ್ದವರು ಕೋಟೆಯ ಗೋಡೆ, ಗೋಪುರಗಳನ್ನು ಕೆಡವಿಸಿದರು. ಮುಂದೆ 1521ರಲ್ಲಿ ನವಾರನ್ನು ಬಿಡಿಸಿಕೊಳ್ಳಲು ಯುದ್ಧ ನಡೆಯಿತು. ಫ್ರಾನ್ಸಿಸರ ಅಣ್ಣಂದಿರು ನವಾರಿನ ಪಕ್ಷದಲ್ಲಿದ್ದರು. ಎದುರು ಪಕ್ಷದಲ್ಲಿ ಪಾಂಪ್ಲೋನ ಕೋಟೆಯನ್ನು ಕಾಯುತ್ತಿದ್ದ ಒಬ್ಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಅವರ ಹೆಸರು ಲೊಯೋಲದ ಇಗ್ನೇಷಿಯಸ್. ಈ ಹೆಸರು ನೆನಪಿರಲಿ.

1525ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಫ್ರಾನ್ಸಿಸರು ಪ್ಯಾರಿಸ್ ವಿಶ್ವವಿದ್ಯಾಲಯದ ಸೇಂಟ್ ಬಾರ್ಬ್ ಕಾಲೇಜು ಸೇರಿದರು. ಪದವಿ ಪಡೆಯಬೇಕು, ಧರ್ಮಸಭೆಯಲ್ಲಿ ಒಳ್ಳೆಯ ವರಮಾನದ ಹುದ್ದೆ ಹಿಡಿಯಬೇಕು, ಕುಸಿದ ಮನೆತನದ ಹೆಸರು ಎತ್ತಬೇಕು ಎಂಬುದು ಅವರ ಲೆಕ್ಕ. ಕೋಣೆಯಲ್ಲಿ ಜೊತೆಗೆ ಸಿಕ್ಕವರು ಪೀಟರ್ ಫೇಬರ್. ಫ್ರಾನ್ಸಿಸರಿಗಿಂತ ಆರೇ ದಿನ ಕಿರಿಯರು. ಆದರೆ ಬಾಲ್ಯದಲ್ಲಿ ಸವಾಯ್ ಬೆಟ್ಟಗಳಲ್ಲಿ ಕುರಿ ಕಾಯುತ್ತಿದ್ದವರು. ನಮ್ಮ ಕಾಡಂಚಿನ ಗೌಳಿ ಹುಡುಗನೊಬ್ಬ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಂತೆ ಎಂದುಕೊಳ್ಳಿ. ಕೋಟೆಯ ಮಗನಿಗೂ ಕುರಿಗಾಹಿಯ ಮಗನಿಗೂ ಗೆಳೆತನ ಬೆಳೆಯಿತು.

1529ರಲ್ಲಿ ಅದೇ ಕೋಣೆಗೆ ಮೂರನೆಯವರು ಬಂದರು. ವಯಸ್ಸು ನಲವತ್ತರ ಹತ್ತಿರ, ಕುಂಟು ನಡಿಗೆ, ದಾನ ಬೇಡಿ ತಂದ ಹಣದಲ್ಲಿ ಓದು. ಅವರೇ ಇಗ್ನೇಷಿಯಸ್! ಫೇಬರ್ ಅವರಿಗೆ ಪಾಠ ಹೇಳಿಕೊಡುತ್ತಾ ಬೇಗನೆ ಆಪ್ತರಾದರು. ಫ್ರಾನ್ಸಿಸರು ಮಾತ್ರ ದೂರವೇ ಉಳಿದರು. ಅಣ್ಣಂದಿರ ವಿರುದ್ಧ ಕತ್ತಿ ಹಿಡಿದವನೊಡನೆ ಒಂದೇ ಸೂರಿನಡಿ ಮಲಗುವುದು ಸುಲಭವೇ?

1530ರಲ್ಲಿ ಫ್ರಾನ್ಸಿಸರು ಎಂ.ಎ. ಪದವಿ ಪಡೆದು ಬೋವೆ ಕಾಲೇಜಿನಲ್ಲಿ ಅರಿಸ್ಟಾಟಲನ ತತ್ತ್ವಶಾಸ್ತ್ರ ಬೋಧಿಸತೊಡಗಿದರು. ಮನುಷ್ಯನ ಪ್ರತಿಯೊಂದು ಕೆಲಸಕ್ಕೂ ಒಂದು ಗುರಿಯುಂಟೆಂದು ಹೇಳಿದ ತತ್ತ್ವಜ್ಞಾನಿ ಆತ. ಆ ವಿಚಾರ ಫ್ರಾನ್ಸಿಸರ ತಲೆಯಲ್ಲಿತ್ತು, ಎದೆಗೆ ಇಳಿದಿರಲಿಲ್ಲ. 1531ರಲ್ಲಿ ಅವರು ತಮ್ಮ ಕುಲೀನತೆಯ ದಾಖಲೆ ಮಾಡಿಸಿಕೊಳ್ಳಲು ಓಡಾಡುತ್ತಿದ್ದರು.

ಇಗ್ನೇಷಿಯಸರು ವಾದಕ್ಕಿಳಿಯಲಿಲ್ಲ. ಫ್ರಾನ್ಸಿಸರ ತರಗತಿಗೆ ವಿದ್ಯಾರ್ಥಿಗಳನ್ನು ಹುಡುಕಿ ತಂದರು. ಊರಿನಿಂದ ಹಣ ಬಾರದಿದ್ದಾಗ ತಾವು ಬೇಡಿ ತಂದದ್ದರಲ್ಲೇ ಕೊಟ್ಟರು. ನಡುನಡುವೆ ಶುಭಸಂದೇಶದ ಒಂದೇ ಪ್ರಶ್ನೆಯನ್ನು ಮುಂದಿಟ್ಟರು: ಲೋಕವನ್ನೆಲ್ಲ ಗಳಿಸಿ ಆತ್ಮವನ್ನು ಕಳೆದುಕೊಂಡರೆ ಲಾಭವೇನು? 1533ರಲ್ಲಿ ಫೇಬರ್ ಕೆಲವು ತಿಂಗಳು ಊರಿಗೆ ಹೋಗಿದ್ದರು. ಹಿಂದಿರುಗಿದಾಗ ಫ್ರಾನ್ಸಿಸರು ಬೇರೆಯೇ ಮನುಷ್ಯರಾಗಿದ್ದರು. ಆ ಪ್ರಶ್ನೆ ಎದೆಗಿಳಿಯಲು ನಾಲ್ಕು ವರ್ಷ ಬೇಕಾಯಿತು.

1534ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಹಬ್ಬದ ದಿನ, ಏಳು ಮಂದಿ ಗೆಳೆಯರು ಪ್ಯಾರಿಸಿನ ಮೊಂಮಾರ್ತ್ ಗುಡ್ಡದಲ್ಲಿ ಸೇರಿದರು. ಆ ವರ್ಷವೇ ಗುರುದೀಕ್ಷೆ ಪಡೆದಿದ್ದ ಫೇಬರ್ ಬಲಿಪೂಜೆ ಅರ್ಪಿಸಿದರು. ಎಲ್ಲರೂ ಬಡತನದ, ಬ್ರಹ್ಮಚರ್ಯದ ವ್ರತ ತೊಟ್ಟರು. ಯೇಸುಸಭೆಯ ಬೀಜ ಬಿದ್ದದ್ದು ಅಲ್ಲಿ. ಮರುವರ್ಷ ಇಗ್ನೇಷಿಯಸರು ಸ್ವದೇಶಕ್ಕೆ ಹೊರಟಾಗ ಫ್ರಾನ್ಸಿಸರು ಅಣ್ಣನಿಗೆ ಪತ್ರ ಬರೆದು ಅವರ ಕೈಯಲ್ಲೇ ಕೊಟ್ಟರು. ದುಸ್ಸಂಗದಿಂದಲೂ ಹಣದ ಕಷ್ಟದಿಂದಲೂ ತನ್ನನ್ನು ಕಾಪಾಡಿದವರು ಇವರು, ತನ್ನನ್ನು ಕಂಡಂತೆಯೇ ಇವರನ್ನು ಕಾಣಬೇಕು ಎಂಬುದು ಆ ಪತ್ರದ ಸಾರ. ಯುದ್ಧದ ವೈರವನ್ನು ಒಂದು ಹಾಸ್ಟೆಲ್ ಕೋಣೆ ಕರಗಿಸಿತ್ತು.

ಮುಂದಿನದನ್ನು ನೀವು ಬಲ್ಲಿರಿ. 1537ರಲ್ಲಿ ವೆನಿಸ್ ನಗರದಲ್ಲಿ ಗುರುದೀಕ್ಷೆ, 1542ರ ಮೇ 6ರಂದು ಗೋವೆಗೆ ಆಗಮನ, ತಮಿಳು ಕರಾವಳಿಯ ಬೆಸ್ತರ ನಡುವೆ ಸೇವೆ. 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವರಿಗೆ ಮತ್ತೆ ಪ್ಯಾರಿಸ್ ನೆನಪಾಯಿತು. ಅಲ್ಲಿಗೆ ಹೋಗಿ, ವಿದ್ಯೆ ತುಂಬಿಕೊಂಡು ಪ್ರೀತಿ ಬರಿದಾದ ಪಂಡಿತರ ಮುಂದೆ ಹುಚ್ಚನಂತೆ ಕೂಗಿ ಹೇಳಬೇಕೆನಿಸುತ್ತದೆ ಎಂದು ತೋಡಿಕೊಂಡರು. ಗೆಳೆಯರ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ಎದೆಯ ಬಳಿ ಇಟ್ಟುಕೊಂಡಿದ್ದರು. 1552ರ ಡಿಸೆಂಬರ್ 3ರಂದು, ಚೀನಾ ತೀರದ ಒಂದು ದ್ವೀಪದಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟರು. ಫ್ರಾನ್ಸಿಸ್, ಇಗ್ನೇಷಿಯಸ್ ಇಬ್ಬರನ್ನೂ 1622ರ ಮಾರ್ಚ್ 12ರಂದು ಒಟ್ಟಿಗೆ ಸಂತರೆಂದು ಸಾರಲಾಯಿತು. ಫೇಬರರನ್ನು 2013ರಲ್ಲಿ ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದರು. ಒಂದೇ ಕೋಣೆ, ಮೂವರು ಸಂತರು!

ತಂದೆತಾಯಂದಿರೇ, ಹಾಸ್ಟೆಲಿಗೆ ಹೋದ ಮಗ ರಜೆಗೆ ಬಂದಾಗ ಪೂಜೆಗೆ ಬರಲು ಹಿಂದೇಟು ಹಾಕಿದರೆ ಎದೆಗೆಡಬೇಡಿ, ಬೈದು ದೂರ ಮಾಡಲೂ ಬೇಡಿ. ಮೊದಲು ಅವನ ಕಷ್ಟಕ್ಕೆ ಆಗಿರಿ, ಆಮೇಲೆ ಪ್ರಶ್ನೆ ಕೇಳಿರಿ. ಇಗ್ನೇಷಿಯಸರು ಹಿಡಿದ ದಾರಿ ಅದೇ. ಮುಂಡಗೋಡದ ಯೇಸುಸಭೆಯ ಸಂಸ್ಥೆಗಳ ಮೇಲಿರುವ ಲೊಯೋಲ ಎಂಬ ಹೆಸರು ಈ ತಾಳ್ಮೆಯ ಹೆಸರು.

ಯುವಜನರೇ, ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು ನೀವಾಗಿದ್ದರೆ ನಾಚಬೇಡಿ. ಕುರಿ ಕಾದ ಫೇಬರರನ್ನು ನೆನೆಯಿರಿ. ಭಾಷೆ ಬೇರೆ, ಜಾತಿ ಬೇರೆ ಎಂದು ಪಕ್ಕದ ಮಂಚದವನನ್ನು ದೂರವಿಡಬೇಡಿ. ನಿಮ್ಮ ಬಾಳನ್ನು ತಿರುಗಿಸುವ ಪ್ರಶ್ನೆ ಅವನ ಬಾಯಿಂದಲೇ ಬಂದೀತು. ಇಲ್ಲವೇ, ಅವನ ಬಾಳಿಗೆ ಬೇಕಾದ ಆಸರೆ ನೀವೇ ಆಗಿರಬಹುದು.

ಡಿಸೆಂಬರಿನಲ್ಲಿ ಹಳೆ ಗೋವೆಗೆ ಹೋದಾಗ ಆರೋಗ್ಯಕ್ಕಾಗಿ, ಪರೀಕ್ಷೆಯ ಅಂಕಗಳಿಗಾಗಿ ಬೇಡುವುದರ ಜೊತೆಗೆ ಇದೊಂದನ್ನೂ ಬೇಡಿಕೊಳ್ಳೋಣ: ದೂರದೂರಿನಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ದೇವರು ಒಬ್ಬ ಒಳ್ಳೆಯ ಜೊತೆಗಾರನನ್ನು ಕೊಡಲಿ. ಸಂತ ಫ್ರಾನ್ಸಿಸ್ ಝೇವಿಯರರೇ, ನಮಗಾಗಿ ಪ್ರಾರ್ಥಿಸಿರಿ.