ಹೇಸರಗತ್ತೆ ಗಾಡಿಯವನು ಕಾನ್ಸಲ್ ಆದ ಕಥೆ

ರೋಮ್ ಅಂದ ಕೂಡಲೇ ನಮಗೆ ನೆನಪಾಗೋದು ಸೀಸರ್, ಕೊಲೋಸಿಯಮ್, ಕಲ್ಲು ಹಾಸಿದ ರಸ್ತೆಗಳು. ಆ ರಸ್ತೆಗಳ ಮೇಲೆ ಗಾಡಿ ಹೊಡೆಸಿದವರು ಯಾರು ಅಂತ ನಾವು ಕೇಳೋದೇ ಕಡಿಮೆ. ಈ ಸಲ ಅಂಥ ಒಬ್ಬನ ಕಥೆ ಹೇಳ್ತೀವಿ. ಹೆಸರು ಪಬ್ಲಿಯಸ್ ವೆಂಟಿಡಿಯಸ್.

ಇಟಲಿಯ ಪೂರ್ವ ಭಾಗದ ಪಿಕೆನಮ್ ಅವನ ಸೀಮೆ. ಪೌರತ್ವ ಕೇಳಿ ಇಟಲಿಯ ಜನ ರೋಮಿನ ಮೇಲೆ ದಂಗೆ ಎದ್ದಿದ್ದ ಕಾಲ ಅದು. ಕ್ರಿ.ಪೂ. 89ರಲ್ಲಿ ಗೆದ್ದು ಬಂದ ಸೇನಾಪತಿ ಪಾಂಪೇಯಸ್ ಸ್ಟ್ರಾಬೋ ವಿಜಯ ಮೆರವಣಿಗೆ ಮಾಡಿದಾಗ ರಥದ ಮುಂದೆ ಸೆರೆಯಾಳುಗಳನ್ನು ನಡೆಸಿದರು. ಅವರಲ್ಲಿ ಒಬ್ಬ ತಾಯಿ, ಅವಳ ಕಂಕುಳಲ್ಲಿ ಪುಟ್ಟ ವೆಂಟಿಡಿಯಸ್.

ದೊಡ್ಡವನಾದ ಮೇಲೆ ಹೊಟ್ಟೆಪಾಡಿಗೆ ಅವನು ಹಿಡಿದದ್ದು ಸಾಗಾಣಿಕೆ ಕಂಟ್ರಾಕ್ಟು. ದೂರದ ಪ್ರಾಂತ್ಯಗಳಿಗೆ ಹೊರಡುವ ಅಧಿಕಾರಿಗಳಿಗೆ ಹೇಸರಗತ್ತೆ, ಗಾಡಿ ಒದಗಿಸೋದು. ಕೇಳೋಕೆ ಸುಲಭ, ಮಾಡೋಕೆ ಅಲ್ಲ. ಆ ಕಾಲದ ಒಳ್ಳೇ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಬಳೆಯನ್ನು ಕಾಯಿಸಿ ತೊಡಿಸುತ್ತಿದ್ದರು. ಅದು ತಣ್ಣಗಾಗಿ ಕುಗ್ಗಿದಾಗ ಅರ, ಗುಂಬ ಎಲ್ಲ ಬಿಗಿಯಾಗ್ತಿತ್ತು. ನಾವು ಲ್ಯಾಬಿನಲ್ಲಿ ಶ್ರಿಂಕ್ ಫಿಟ್ ಅನ್ನೋದು ಇದನ್ನೇ. ಅಚ್ಚಿಗೆ ಪ್ರಾಣಿಗಳ ಕೊಬ್ಬು ಸವರಬೇಕು, ಹೇಸರಗತ್ತೆಗಳ ಮೇವು ನೀರು ನೋಡಬೇಕು. ಭಾರದ ಲೆಕ್ಕವೂ ತಪ್ಪಬಾರದು. ಮುಂದೆ 4ನೇ ಶತಮಾನದಲ್ಲಿ ಸರ್ಕಾರಿ ಸಾರಿಗೆಯ 'ರೇಡಾ' ಗಾಡಿಗೆ 1000 ರೋಮನ್ ಪೌಂಡ್, ಅಂದರೆ ಸುಮಾರು 330 ಕಿಲೋ ಮಾತ್ರ ಅಂತ ಕಾನೂನೇ ಬಂತು.

ಈ ಕೆಲಸದಿಂದಲೇ ಜೂಲಿಯಸ್ ಸೀಸರ್‌ನ ಪರಿಚಯವಾಯಿತು. ಸೀಸರ್ ಅವನನ್ನು ಗಾಲ್‌ಗೆ ಕರೆದೊಯ್ದ, ಜವಾಬ್ದಾರಿ ಕೊಟ್ಟ, ಮೇಲೆತ್ತಿದ. ಸೀಸರ್ ಸತ್ತ ಮರುವರ್ಷ, ಕ್ರಿ.ಪೂ. 43ರಲ್ಲಿ, ವೆಂಟಿಡಿಯಸ್ ಕಾನ್ಸಲ್ ಆದ. ರೋಮಿನ ಜನ ಸುಮ್ಮನಿರಲಿಲ್ಲ. ಹೇಸರಗತ್ತೆ ಮೈ ಉಜ್ಜುತ್ತಿದ್ದವನಿಗೆ ಈ ಪಟ್ಟವಾ ಅಂತ ಬೀದಿಬೀದಿಯಲ್ಲಿ ಪದ್ಯ ಬರೆದು ಗೇಲಿ ಮಾಡಿದರು.

ಉತ್ತರ ಬಂದದ್ದು ಸಿರಿಯಾದಿಂದ. ಕ್ರಿ.ಪೂ. 53ರಲ್ಲಿ ಕ್ರಾಸಸ್‌ನ ಸೇನೆಯನ್ನೇ ನುಂಗಿದ್ದ ಪಾರ್ಥಿಯನ್ನರು ಮತ್ತೆ ನುಗ್ಗಿದ್ದರು. ಆಂಟನಿ ಅವರ ಮೇಲೆ ವೆಂಟಿಡಿಯಸ್‌ನನ್ನು ಕಳಿಸಿದ. ಕ್ರಿ.ಪೂ. 39ರಲ್ಲಿ ಟಾರಸ್ ಬೆಟ್ಟಗಳ ಕಣಿವೆದಾರಿಗಳಲ್ಲಿ ಅವನು ಗೆದ್ದ. ಮರುವರ್ಷ ರಾಜಕುಮಾರ ಪಕೋರಸ್ ಬಂದಾಗ ರೋಮನ್ ಪಡೆಗಳು ಇನ್ನೂ ಬೆಟ್ಟದಾಚೆ ಕಪ್ಪಡೋಸಿಯಾದಲ್ಲಿದ್ದವು. ಅವು ಬಂದು ಸೇರೋಕೆ ದಿನ ಬೇಕು. ತನ್ನ ಜೊತೆಗಿದ್ದವನೊಬ್ಬ ಶತ್ರುವಿಗೆ ಸುದ್ದಿ ಮುಟ್ಟಿಸ್ತಾನೆ ಅಂತ ವೆಂಟಿಡಿಯಸ್‌ಗೆ ಗೊತ್ತಿತ್ತು. ಅವನ ಕಿವಿಗೇ ಸುಳ್ಳು ಹಾಕಿ, ಶತ್ರುಗಳು ಸುತ್ತುದಾರಿಯಲ್ಲಿ ಯೂಫ್ರಟೀಸ್ ದಾಟುವಂತೆ ಮಾಡಿದ. ಅವರಿಗೆ 40 ದಿನಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಇವನ ಪಡೆ ಬಂದು ಸೇರಿತ್ತು. ಗಿಂಡಾರಸ್‌ನಲ್ಲಿ ಶತ್ರುಗಳನ್ನು ದಿಣ್ಣೆಯ ತನಕ ಬರಗೊಟ್ಟು, ಬಿಲ್ಲುಗಾರರಿಗೆ ಬಾಣ ಬಿಡಲು ಪುರುಸೊತ್ತು ಕೊಡದೆ ಮೇಲೆ ಬಿದ್ದ. ಪಕೋರಸ್ ಅಲ್ಲೇ ಸತ್ತ.

ಎಷ್ಟು ದೂರಕ್ಕೆ ಎಷ್ಟು ದಿನ ಅನ್ನೋ ಈ ಲೆಕ್ಕ ಅವನಿಗೆ ಗಾಡಿ ಕೆಲಸದಲ್ಲೇ ಕೈಗೆ ಹತ್ತಿರಬೇಕು ಅಂತ ನಮಗನ್ನಿಸುತ್ತೆ. ಗೇಲಿ ಮಾಡಿದವರಿಗೆ ಕಂಡದ್ದು ಹೇಸರಗತ್ತೆ ಮಾತ್ರ.

ಕ್ರಿ.ಪೂ. 38ರ ನವೆಂಬರಿನಲ್ಲಿ ರೋಮಿನಲ್ಲಿ ಮತ್ತೊಂದು ವಿಜಯ ಮೆರವಣಿಗೆ ನಡೆಯಿತು. ಪಾರ್ಥಿಯನ್ನರನ್ನು ಗೆದ್ದು ಆ ಗೌರವ ಪಡೆದ ಮೊದಲ ರೋಮನ್ ವೆಂಟಿಡಿಯಸ್. ಅಂದು ರಥದ ಮುಂದೆ ಸೆರೆಯಾಗಿ ಹೋದ ಕೂಸು ಈಗ ರಥದ ಮೇಲಿತ್ತು. ಅವನು ಸತ್ತಾಗ ಅಂತ್ಯಕ್ರಿಯೆಯ ಖರ್ಚನ್ನು ಸರ್ಕಾರವೇ ಹೊತ್ತಿತು.