ಕಾರ್ಯದರ್ಶಿಯಾಗಿಯೇ ಉಳಿದ ಮೆಲ್ವಿನ್ ಜೋನ್ಸ್

ಬೋಧನಾಭ್ಯಾಸದ ಮೂರನೇ ವಾರ ನನಗೆ ಹತ್ತನೇ ತರಗತಿಯ ಮಾನವನ ಕಣ್ಣಿನ ಪಾಠ ಬಂದಿತ್ತು. ದೃಷ್ಟಿದೋಷಗಳಿಗೆ ಪೀಠಿಕೆ ಹುಡುಕುತ್ತಿದ್ದಾಗ ಶಾಲೆಯ ಕಾಂಪೌಂಡ್ ಗೋಡೆಯ ಮೇಲಿದ್ದ ಲಯನ್ಸ್ ಕ್ಲಬ್ಬಿನ ಉಚಿತ ನೇತ್ರ ತಪಾಸಣಾ ಶಿಬಿರದ ಪೋಸ್ಟರ್ ಕಣ್ಣಿಗೆ ಬಿತ್ತು. ಆ ಕ್ಲಬ್ಬಿನ ಹಿಂದಿದ್ದ ಮನುಷ್ಯನ ಕತೆ ಹೇಳೋಣವೆಂದು ಪಾಠಯೋಜನೆಯಲ್ಲಿ ಐದು ನಿಮಿಷ ಇಟ್ಟುಕೊಂಡೆ. ಅದು ಹನ್ನೆರಡು ನಿಮಿಷ ಆಯಿತು. ವೀಕ್ಷಕರ ಷರಾದಲ್ಲಿ ಅದೂ ಇದೆ.

ಮೆಲ್ವಿನ್ ಜೋನ್ಸ್ ಹುಟ್ಟಿದ್ದು 1879ರ ಜನವರಿ 13ರಂದು, ಅಮೆರಿಕದ ಅರಿಜೋನಾ ಪ್ರಾಂತ್ಯದ ಫೋರ್ಟ್ ಥಾಮಸ್‌ನಲ್ಲಿ. ತಂದೆ ಸೈನ್ಯದಲ್ಲಿದ್ದರು. ಓದು ಮುಗಿಸಿ ಶಿಕಾಗೋ ಸೇರಿದ ಜೋನ್ಸ್ ವಿಮೆಯ ವ್ಯವಹಾರಕ್ಕೆ ಇಳಿದು, 1913ರ ಹೊತ್ತಿಗೆ ಸ್ವಂತ ಏಜೆನ್ಸಿಯನ್ನೇ ನಡೆಸುತ್ತಿದ್ದರು. ಊರಿನ ವ್ಯಾಪಾರಿಗಳು ಮಧ್ಯಾಹ್ನದ ಊಟಕ್ಕೆ ಸೇರುವ ಬಿಸಿನೆಸ್ ಸರ್ಕಲ್ ಎಂಬ ಕೂಟದ ಸದಸ್ಯರಾದರು. ಅಲ್ಲಿ ನಡೆಯುತ್ತಿದ್ದುದು ಒಬ್ಬರಿಗೊಬ್ಬರು ಗಿರಾಕಿ ಕೊಡಿಸುವ ಕೆಲಸ. ಜೋನ್ಸ್ ಅದರ ಕಾರ್ಯದರ್ಶಿಯಾದರು. ತಮ್ಮ ಲಾಭಕ್ಕಾಗಿ ಇಷ್ಟು ಚೆನ್ನಾಗಿ ಒಗ್ಗಟ್ಟಾಗಬಲ್ಲ ಜನ ಊರಿಗಾಗಿ ಯಾಕೆ ಆಗಬಾರದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಬೇರೆ ಊರುಗಳ ಇಂಥವೇ ಕೂಟಗಳಿಗೆ ಪತ್ರ ಬರೆದರು. 1917ರ ಜೂನ್ 7ರಂದು ಶಿಕಾಗೋದ ಲಾಸಾಲ್ ಹೋಟೆಲಿನಲ್ಲಿ ಸಭೆ ಸೇರಿತು. ಅದೇ ಅಕ್ಟೋಬರಿನಲ್ಲಿ ಡಲ್ಲಾಸ್‌ನಲ್ಲಿ ಮೊದಲ ಸಮ್ಮೇಳನ. ಸದಸ್ಯರ ಹಣಕಾಸಿನ ಏಳಿಗೆಯನ್ನು ಯಾವ ಕ್ಲಬ್ಬೂ ತನ್ನ ಗುರಿಯೆಂದು ಹೇಳಿಕೊಳ್ಳಬಾರದೆಂಬ ನಿಯಮ ಅಲ್ಲಿ ಬಂತು. ಲಾಭಕ್ಕೆಂದೇ ಸೇರಿದ್ದವರಿಂದ ಇದನ್ನು ಒಪ್ಪಿಸುವುದು ಸುಲಭದ ಮಾತಲ್ಲ. ಅಧ್ಯಕ್ಷರಾದವರು ವುಡ್ಸ್ ಎಂಬ ವೈದ್ಯರು. ಜೋನ್ಸ್ ಕಾರ್ಯದರ್ಶಿಯಾಗಿಯೇ ಉಳಿದರು.

ಸೇವೆ ಮಾಡಬೇಕೆಂಬುದೇನೋ ಸರಿ, ಯಾವ ಸೇವೆ? ಈ ಪ್ರಶ್ನೆಗೆ ದೊಡ್ಡ ಉತ್ತರ ಬಂದಿದ್ದು ಹೊರಗಿನವರಿಂದ. 1925ರ ಜೂನ್ 30ರಂದು ಓಹಾಯೋದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದರು. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗಲೇ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡಿದ್ದವರು. ಅಂಧರ ಪರವಾಗಿ ನಿಲ್ಲಿ, ತಡೆಯಬಹುದಾದ ಅಂಧತ್ವವನ್ನು ತಡೆಯಿರಿ ಎಂದು ಅವರು ನೇರವಾಗಿಯೇ ಕೇಳಿದರು. ಕ್ಲಬ್ಬುಗಳು ಒಪ್ಪಿಕೊಂಡವು. ಮರುವರ್ಷ ಜೋನ್ಸ್ ವಿಮೆಯ ವ್ಯವಹಾರ ಬಿಟ್ಟು ಪೂರ್ಣಾವಧಿ ಈ ಕೆಲಸಕ್ಕೇ ನಿಂತರು. 1930ರಲ್ಲಿ ಇಲಿನಾಯ್ಸ್‌ನ ಪಿಯೋರಿಯಾದ ಲಯನ್ಸ್ ಸದಸ್ಯ ಜಾರ್ಜ್ ಬಾನ್‌ಹ್ಯಾಮ್, ಕಪ್ಪು ಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟಲು ಒದ್ದಾಡುವುದನ್ನು ಕಂಡು, ಕೋಲಿಗೆ ಬಿಳಿ ಬಣ್ಣ ಬಳಿದು ಕೆಂಪು ಪಟ್ಟಿ ಹಾಕಿಸುವ ಉಪಾಯ ಹೂಡಿದರು. ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ವಾಹನದವರಿಗೆ ಬಿಳಿಯೇ ಯಾಕೆ ಬೇಗ ಕಾಣುತ್ತದೆಂದು ಒಬ್ಬ ಕೇಳಿದ. ಬೆಳಕಿನ ಪ್ರತಿಫಲನಕ್ಕೆ ಅಲ್ಲಿಂದಲೇ ದಾರಿಯಾಯಿತು.

ಒಂದು ವಿಷಯ ಮಾತ್ರ ನನಗೆ ಇರುಸುಮುರುಸು. ಹೆಣ್ಣುಮಗಳೊಬ್ಬರ ಮಾತಿನಿಂದ ದಿಕ್ಕು ಕಂಡುಕೊಂಡ ಸಂಸ್ಥೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1987ರಲ್ಲಿ. ಅದನ್ನು ನೋಡಲು ಜೋನ್ಸ್ ಇರಲಿಲ್ಲ. 1961ರ ಜೂನ್ 1ರಂದು ತೀರಿಕೊಂಡಿದ್ದರು. ತರಗತಿಯಲ್ಲಿ ಇದನ್ನೂ ಹೇಳಿದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಗುಸುಗುಸು ಎದ್ದಿತು.

ಕತೆಯ ನಂತರ ಒಂದು ಕಣ್ಣು ಮುಚ್ಚಿ ಬೋರ್ಡಿನ ಸಾಲು ಓದುವ ಚಟುವಟಿಕೆ. ನಾಲ್ಕನೇ ಬೆಂಚಿನ ಹುಡುಗಿಗೆ ಎರಡು ಕಣ್ಣು ಬಿಟ್ಟರೂ ಓದಲಾಗಲಿಲ್ಲ. ಪಕ್ಕದವಳ ನೋಟ್ಸ್ ನೋಡಿ ಬರೆಯುತ್ತಾಳೆಂದು ಹಿಂದಿನ ವಾರವಷ್ಟೇ ಅವಳನ್ನು ನಿಲ್ಲಿಸಿ ಗದರಿದ್ದೆ. ದೃಷ್ಟಿದೋಷದ ಪಾಠಯೋಜನೆಯನ್ನು ಮೂರು ಸಲ ತಿದ್ದಿ ಬರೆದವಳು ನಾನು, ಕಣ್ಣೆದುರಿನ ಸಮೀಪದೃಷ್ಟಿಯನ್ನು ಗುರುತಿಸಿರಲಿಲ್ಲ. ಅವಳ ಹತ್ತಿರ ಹೋಗಿ ತಪ್ಪಾಯಿತೆಂದೆ. ಮೊದಲ ಬೆಂಚಿಗೆ ಕೂರಿಸಿದೆ.

ಭಾನುವಾರ ತಾಯಿಯ ಜೊತೆ ಅವಳು ಶಿಬಿರಕ್ಕೆ ಹೋಗಿದ್ದಳಂತೆ. ಕನ್ನಡಕ ಬರುವಷ್ಟರಲ್ಲಿ ನನ್ನ ಪಾಠಗಳು ಮುಗಿದಿದ್ದವು. ಈಗ ಮತ್ತೆ ನಾಲ್ಕನೇ ಬೆಂಚಿಗೇ, ಗೆಳತಿಯ ಪಕ್ಕಕ್ಕೇ ಹೋಗಿ ಕೂತಿದ್ದಾಳೆಂದು ಅವರ ತರಗತಿ ಶಿಕ್ಷಕಿ ಫೋನಿನಲ್ಲಿ ತಿಳಿಸಿದರು.