ರಂಗನತಿಟ್ಟಿಗೆ ರಕ್ಷಣೆ ತಂದ ಸಲೀಂ ಅಲಿ

ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ಬಣ್ಣದ ಕೊಕ್ಕರೆ, ಚಮಚಕೊಕ್ಕುಗಳು ಗೂಡುಕಟ್ಟಿ ಮರಿಮಾಡುವ ನೋಟ ಇಂದಿಗೂ ಕಾಣಸಿಗುತ್ತಿದ್ದರೆ, ಅದರ ಹಿಂದೆ ಡಾ. ಸಲೀಂ ಅಲಿ ಅವರ ದೂರದೃಷ್ಟಿಯಿದೆ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅಲಿ, ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲಕನಾಗಿದ್ದಾಗ ತಾವೇ ಹೊಡೆದುರುಳಿಸಿದ, ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯ ಗುರುತು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲೇರಿದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಮುಂದೆ ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೇಸೆಮಾನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತು ಮರಳಿದ ಅವರು, ಸಂಸ್ಥಾನಗಳನ್ನು ಸುತ್ತಿ ಹಕ್ಕಿಗಳ ಸಮೀಕ್ಷೆ ನಡೆಸಿದರು.

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖದ ನಡುವೆಯೂ ಅಲಿ ಮೈಸೂರು ಸಂಸ್ಥಾನದ ಸಮೀಕ್ಷೆ ಕೈಗೊಂಡರು. ರಂಗನತಿಟ್ಟಿನ ಮಹತ್ವವನ್ನು ಗುರುತಿಸಿ ಅರಸರ ಮನವೊಲಿಸಿದ್ದು ಆಗಲೇ. 1940ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. ಮರುವರ್ಷ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಕೈಪಿಡಿ ಸಾಮಾನ್ಯ ಓದುಗರಿಗೂ ಹಕ್ಕಿಗಳ ಪರಿಚಯ ಮಾಡಿಸಿತು.

ರಾಜಸ್ತಾನದ ಭರತಪುರದ ಜೌಗು ಪ್ರದೇಶದ ಉಳಿವಿಗೂ ಅವರು ಶ್ರಮಿಸಿದರು. ಆದರೆ ಅಲ್ಲಿ ಅವರ ಒಂದು ನಿಲುವು ಪ್ರಶ್ನೆಗೊಳಗಾಯಿತು. ಅವರು ಬೆಂಬಲಿಸಿದ್ದ ಜಾನುವಾರು ಮೇವಿನ ನಿಷೇಧ 1982ರಲ್ಲಿ ಜಾರಿಯಾದಾಗ ಗ್ರಾಮಸ್ಥರು ಪ್ರತಿಭಟಿಸಿದರು. ಪೊಲೀಸ್ ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ಎಮ್ಮೆಗಳು ಮೇಯದೆ ಹುಲ್ಲು ಬೆಳೆದು ನೀರನ್ನು ಆವರಿಸಿ, ಹಕ್ಕಿಗಳಿಗೇ ತೊಡಕಾಯಿತೆಂದು ಅವರ ಸೊಸೈಟಿಯದೇ ದೀರ್ಘ ಅಧ್ಯಯನ ತೋರಿಸಿಕೊಟ್ಟಿತು. ಜನರನ್ನು ಹೊರಗಿಟ್ಟ ಮಾತ್ರಕ್ಕೆ ನೆಲೆ ಉಳಿಯದು ಎಂಬುದು ಆ ಪ್ರಕರಣದ ಪಾಠ.

1976ರಲ್ಲಿ ಪದ್ಮವಿಭೂಷಣ ಪಡೆದ, 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅಲಿ 1987ರ ಜೂನ್ 20ರಂದು ನಿಧನರಾದರು.

ರಂಗನತಿಟ್ಟು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಹಕ್ಕಿಗಳು ಗೂಡು ಕಟ್ಟುವುದಷ್ಟೇ ಅಲ್ಲಿ. ಮರಿಗಳಿಗೆ ಗುಟುಕು ತರುವುದು ಸುತ್ತಲಿನ ಕೆರೆ, ನಾಲೆ, ಗದ್ದೆಗಳಿಂದ. ಮೈಸೂರು ನಗರ ಹಬ್ಬುತ್ತಿರುವ ಈ ದಿನಗಳಲ್ಲಿ ಆ ಕೆರೆ-ಗದ್ದೆಗಳು ಬಡಾವಣೆಗಳಾದರೆ, ನದಿಯ ನಡುವಣ ತಿಟ್ಟುಗಳನ್ನು ಕಾದೂ ಪ್ರಯೋಜನವಾಗದು. ಅಲಿ ಆರಂಭಿಸಿದ ಕಾರ್ಯದಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಇದೇ.